‘ಮೂಟ್’ ಪದದ ಇನ್ನೊಂದು ಅರ್ಥ

ಇಂಗ್ಲಿಷಿನ ‘ಮೂಟ್’ (moot) ಎಂಬ ವಿಶೇಷಣಕ್ಕೆ ‘ಅಪ್ರಸ್ತುತ’ ಎಂಬ ಒಂದೇ ಅರ್ಥ ಕೊಡುವುದು ಅರ್ಧ ಮಾತ್ರ ಸರಿ. ಸಭೆ ಎಂಬರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದ ಇದಕ್ಕೆ ಬ್ರಿಟಿಷ್ ಬಳಕೆಯಲ್ಲಿ ‘ಇನ್ನೂ ಇತ್ಯರ್ಥವಾಗದ, ವಾದಕ್ಕೆ ಎಡೆಯಿರುವ’ ಎಂಬುದೇ ಮುಖ್ಯಾರ್ಥ. ಮಂಗಳೂರು, ಉಡುಪಿಗಳ ಕಾನೂನು ವಿದ್ಯಾರ್ಥಿಗಳು ವಾದಿಸುವ ಅಣಕು ನ್ಯಾಯಾಲಯದ ‘ಮೂಟ್ ಕೋರ್ಟ್’ ಎಂಬ ಇಂಗ್ಲಿಷ್ ಹೆಸರಿನಲ್ಲಿ ಉಳಿದಿರುವುದೂ ಅದೇ ಅರ್ಥ (‘ಅಣಕು’ ಎಂಬ ಅನುವಾದ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ). ಅಮೆರಿಕದಲ್ಲಾದರೋ, ತೀರ್ಪು ಬಂದರೂ ಬಾರದಿದ್ದರೂ ವ್ಯತ್ಯಾಸವಾಗದ ಪ್ರಶ್ನೆಗೆ ಇದು ಹೆಚ್ಚಾಗಿ ಸಲ್ಲುತ್ತದೆ: ಕಾನೂನು ಶಾಲೆಯ ಪ್ರವೇಶ ನಿರಾಕರಣೆಯನ್ನು ಪ್ರಶ್ನಿಸಿದ್ದ ಡಿಫ್ಯೂನಿಸ್ ಅವರು ಕೆಳಗಿನ ಕೋರ್ಟಿನ ಆದೇಶದಿಂದ ಅಲ್ಲೇ ಸೇರಿ ಅಷ್ಟರಲ್ಲಿ ಓದು ಮುಗಿಸುವ ಹಂತ ತಲಪಿದ್ದರಿಂದ, 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ಮೂಟ್ ಎಂದು ಕೈಬಿಟ್ಟಿತು. ಮಸಾಲೆ ದೋಸೆ ಹುಟ್ಟಿದ್ದು ಉಡುಪಿಯಲ್ಲೇ ಎಂಬ ನಮ್ಮವರ ವಾದವು ಬ್ರಿಟಿಷ್ ಅರ್ಥದಲ್ಲಿ ಮೂಟ್ ಎನಿಸಬಹುದು, ಅಮೆರಿಕದ ಅರ್ಥದಲ್ಲಿ ಖಂಡಿತ ಅಲ್ಲ.