ಹಾಡಿಯಲ್ಲಿ ಕ್ಯಾಂಪು, ಕೈಯಲ್ಲಿ ಮೈಕು

ಕೊಡಗಿನ ತಿತಿಮತಿ ಕಡೆಯ ಒಂದು ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಕೇರಿಯಲ್ಲಿ, ಮೊನ್ನೆ ಎಚ್‌ಐವಿ ಪರೀಕ್ಷೆಯ ಕ್ಯಾಂಪು. ಶಾಮಿಯಾನ, ಬಿಸ್ಕತ್ತು, ಇಷ್ಟಗಲ ಬ್ಯಾನರು, ಎಲ್ಲ ಇತ್ತು. ಪರದೆ ಮಾತ್ರ ಇರಲಿಲ್ಲ. ಸಾಲಾಗಿ ಕೂರಿಸಿ ಬೆರಳು ಚುಚ್ಚಿದರು. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಒಬ್ಬರ ಹೆಸರು ಕರೆದು, "ನೀವು ಇಲ್ಲೇ ಇರಿ, ಸ್ವಲ್ಪ ಬೇರೆ ಮಾತಾಡೋದಿದೆ" ಅಂದರು. ಮುಗೀತಲ್ಲ! ಇನ್ನು ಬಿಡಿಸಿ ಹೇಳೋದು ಏನುಳಿಯಿತು?

ಕ್ಯಾಂಪಿನ ಆ ಒಂದು ಸ್ಟ್ರಿಪ್ಪು ಫಲಿತಾಂಶವೇ ಅಲ್ಲ ಮಾರಾಯ್ರೆ. ಸೋಂಕು ತೋರಿಸೋ ಗೆರೆ ಮೂಡಿದರೆ ಐಸಿಟಿಸಿಗೆ, ಅಂದರೆ ಸರಕಾರದ ಎಚ್‌ಐವಿ ಸಲಹೆ-ಪರೀಕ್ಷಾ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿ, ಮೂರರಲ್ಲೂ ಬಂದರಷ್ಟೇ ಪಾಸಿಟಿವ್. ಸ್ಟ್ರಿಪ್ಪು ಕೆಲಸ ಮಾಡಿದೆ ಅಂತ ತೋರಿಸೋ ಕಂಟ್ರೋಲ್ ಗೆರೆ ಬರದಿದ್ದರೆ ಆ ಸ್ಟ್ರಿಪ್ಪೇ ಲೆಕ್ಕಕ್ಕಿಲ್ಲ. ಹೊತ್ತು ಮೀರಿ ಓದಿದರೆ ಹುಸಿ ಗೆರೆಯೂ ಕಾಣುತ್ತೆ. ಸೋಂಕು ತಗುಲಿ ಮೂರು ತಿಂಗಳೊಳಗಾದರೆ ನೆಗೆಟಿವ್ ಅಂತ ಬರಬಹುದು, ಮತ್ತೆ ಪರೀಕ್ಷೆ ಬೇಕು. ಇದಷ್ಟನ್ನೂ ಪರೀಕ್ಷೆಗೆ ಮೊದಲೇ ಹೇಳಿ ಒಪ್ಪಿಗೆ ಕೇಳಬೇಕು, ಅದೂ ಎರವರಿಗೆ, ಜೇನುಕುರುಬರಿಗೆ ಅವರವರ ಮಾತಿನಲ್ಲಿ. 2017ರ ಎಚ್‌ಐವಿ ಕಾಯ್ದೆ ಒಪ್ಪಿಗೆಯನ್ನೂ ಕೇಳುತ್ತೆ, ಗುಟ್ಟಾಗಿಡೋದನ್ನೂ ಕೇಳುತ್ತೆ. ಮೈಕ್ ಹಿಡಿದವರು ಅದನ್ನು ಓದಿರಬೇಕಿತ್ತು.

"ಇವರಿಗೆ ಎಷ್ಟು ಹೇಳಿದರೂ ಅಷ್ಟೇ, ಮಾತ್ರೆ ಕೊಟ್ಟರೂ ನುಂಗಲ್ಲ" ಅನ್ನೋರು ಕಾಮೆಂಟಿಗೆ ಬರ್ತೀರಿ, ಗೊತ್ತು. ಒಂದು ಕಾಲಕ್ಕೆ ನಾನೂ ಅದನ್ನೇ ಅಂದವನು, ನಾಚಿಕೆಯಾಗುತ್ತೆ. ನುಂಗಬೇಕಾದ್ದು ದಿನಕ್ಕೆ ಒಂದೇ ಮಾತ್ರೆ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಒಂದರಲ್ಲೇ. ಅದನ್ನು ತರೋದಿದೆಯಲ್ಲ, ಅದು ಕಷ್ಟ. ಗೋಣಿಕೊಪ್ಪದಲ್ಲಿ ಬಸ್ ಬದಲಿಸಿ, ಮಾತ್ರೆ ಕೊಡೋ ಮಡಿಕೇರಿ ಮುಟ್ಟೋ ಹೊತ್ತಿಗೆ ಒಂದು ದಿನದ ಕೂಲಿ ಹೋಯ್ತು. ಕಾಫಿ ಕುಯ್ಲಿನ ಹೊತ್ತಲ್ಲಿ ತೋಟದ ಲೆಕ್ಕ ನೋಡೋ ರೈಟರ್ ರಜೆ ಕೊಡಬೇಕಲ್ಲ? ಯಾಕೆ ಅಂತ ಕೇಳಿದರೆ ಏನು ಹೇಳೋದು? ಮಾತ್ರೆಗೆ ಚೆನ್ನಾಗಿ ಹೊಂದಿಕೊಂಡವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡೋಕೆ ಅವಕಾಶ ಇದೆ, ಕೇಳಿ ಪಡೀರಿ. ಬೇರೆ ತೋಟದ ಲೈನ್ ಮನೆಗೆ (ಕೂಲಿಯವರ ಸಾಲುಮನೆಗೆ) ಹೋದರೆ ಚಿಕಿತ್ಸೆಯ ಹಸಿರು ಪುಸ್ತಕ ಜೊತೆಗಿರಲಿ.

ಇನ್ನೊಂದು ಎಡವಟ್ಟು ಯಾರ ಕಣ್ಣಿಗೂ ಬೀಳಲ್ಲ. ಹಾಡಿಗಳಲ್ಲಿ ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಹಂಚುತ್ತಾರೆ, ಬಸುರಿಯರಿಗೆ ಕ್ಯಾಲ್ಸಿಯಂ ಕೂಡ. ಖಾಲಿ ಹೊಟ್ಟೆಯಲ್ಲಿ ಇವುಗಳ ಜೊತೆ ನುಂಗಿದರೆ ಡೊಲುಟೆಗ್ರಾವಿರ್ ಸರಿಯಾಗಿ ಮೈಗೆ ಹತ್ತಲ್ಲ. ಊಟದ ಜೊತೆಗಾದರೆ ಒಟ್ಟಿಗೆ ಸರಿ. ಇಲ್ಲದಿದ್ದರೆ ಅವಕ್ಕಿಂತ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ಆದಮೇಲೆ. ಟಿಬಿಗೆ ರಿಫಾಂಪಿಸಿನ್ ನಡೀತಿದ್ದರೆ ಹನ್ನೆರಡು ಗಂಟೆ ಬಿಟ್ಟು ಡೊಲುಟೆಗ್ರಾವಿರ್ 50 ಇನ್ನೊಂದು ಬೇಕು. ಇದೆಲ್ಲ ತಪ್ಪಿ, ಆರು ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಇಳಿಯದೇ ಇದ್ದರೆ ಬೈಸಿಕೊಳ್ಳೋದು ಮಾತ್ರ ಹಾಡಿಯವರು.

ಮುಂದಿನ ಸಲ ಬಿಪಿ, ಶುಗರ್, ಟಿಬಿ ಎಲ್ಲ ಒಟ್ಟಿಗಿಡಿ. ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಮರೆಗೆ ಕರೆದು, ಎಲ್ಲರನ್ನೂ ಅಷ್ಟಷ್ಟೇ ಹೊತ್ತು ಕೂರಿಸಿ ಮಾತಾಡಿಸಿ. ಆಗ ಯಾರ ಮೇಲೂ ಅನುಮಾನ ಬರಲ್ಲ. ಬಟ್ಟೆಗೆ ದುಡ್ಡಿಲ್ಲ ಅಂದರೆ ಆ ಬ್ಯಾನರನ್ನೇ ಇಳಿಸಿ ಅಡ್ಡ ಕಟ್ಟಿ.