ಆಕಾಶದಿಂದ ಬಿದ್ದ ಮುಯ್ಯಿ

ಕಳೆದ ಬೇಸಿಗೆಯಲ್ಲಿ ನಾನು ವಿಮಾನದಿಂದ ಕೆಳಕ್ಕೆ ಬಿದ್ದೆ. ಬಿದ್ದೆ ಅನ್ನಬಾರದಂತೆ, ಜಿಗಿದೆ ಅನ್ನಬೇಕಂತೆ. ನಮ್ಮ ಆಫೀಸಿನವರು ಈಗಲೂ ತಿದ್ದುತ್ತಾರೆ. ನಿಜ ಹೇಳಬೇಕೆಂದರೆ ಜಿಗಿದವನು ನನ್ನನ್ನು ಹೊಟ್ಟೆಗೆ ಬಿಗಿದುಕೊಂಡಿದ್ದ ತರಬೇತುದಾರ. ನಾನು ಅವನ ಲಗೇಜು.

ಬ್ರಿಟನ್ನಿಗೆ ಬಂದು ಆರು ವರ್ಷವಾಯಿತು. ಚಳಿ ಅಭ್ಯಾಸವಾಯಿತು, ಉಪ್ಪು ಖಾರ ಇಲ್ಲದ ಊಟವೂ ಅಭ್ಯಾಸವಾಯಿತು. ತಲೆಗೆ ಹತ್ತದೆ ಉಳಿದದ್ದು ಇಲ್ಲಿನವರು ದಾನ ಮಾಡುವ ರೀತಿಯೊಂದೇ. ಒಳ್ಳೆಯ ಕೆಲಸಕ್ಕೆ ಹತ್ತು ಪೌಂಡ್ ಕೊಡಬೇಕೆಂದರೆ ಇವರು ಸೀದಾ ಜೇಬಿಗೆ ಕೈ ಹಾಕುವುದಿಲ್ಲ. ಮೊದಲು ಗುರುತಿನವರು ಯಾರಾದರೂ ಹಿಂಸೆ ಪಡಬೇಕು. ಒಬ್ಬ ಮ್ಯಾರಥಾನ್ ಓಡಿ ಕಾಲುಗುರು ಕಳೆದುಕೊಳ್ಳಬೇಕು, ಇನ್ನೊಬ್ಬ ತಲೆ ಬೋಳಿಸಿಕೊಳ್ಳಬೇಕು, ಮತ್ತೊಬ್ಬ ಸ್ನಾನದ ತೊಟ್ಟಿಗೆ ಬೇಯಿಸಿದ ಬೀನ್ಸ್ ಸುರಿಸಿಕೊಂಡು ಅದರಲ್ಲಿ ಗಂಟೆಗಟ್ಟಲೆ ಕೂರಬೇಕು. ಆಗ ಉಳಿದವರ ಕರುಳು ಚುರುಕ್ ಅಂದು ಕಾರ್ಡು ಹೊರಗೆ ಬರುತ್ತದೆ.

ನಮ್ಮ ಆಫೀಸಿನಲ್ಲಿ ಈ ಸಲ ಸ್ಕೈಡೈವಿಂಗ್. ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಒಂದು ಹಾಸ್ಪಿಸ್‌ಗಾಗಿ ಹಣ ಎತ್ತಬೇಕು. ಇಲಾಖೆಗೆ ಒಬ್ಬರಂತೆ ಜಿಗಿಯಬೇಕು. ಮೀಟಿಂಗಿನಲ್ಲಿ ನಾನು ಕೇಳಿದೆ: "ಎಲ್ಲರೂ ಇಪ್ಪತ್ತಿಪ್ಪತ್ತು ಪೌಂಡ್ ಹಾಕಿ ಸುಮ್ಮನೆ ಕಳಿಸಿಬಿಟ್ಟರೆ ಆಗುವುದಿಲ್ಲವೇ?" ಆರತಿ ತಟ್ಟೆಗೆ ನೂರರ ನೋಟು ಹಾಕಿ ತೊಂಬತ್ತು ವಾಪಸ್ ಕೇಳಿದವನನ್ನು ನೋಡುವ ಹಾಗೆ ಎಲ್ಲರೂ ನನ್ನನ್ನು ನೋಡಿದರು. ಆ ನೋಟದ ಭಾರಕ್ಕೆ ನಮ್ಮ ಇಲಾಖೆಯಿಂದ ನಾನೇ ಎಂದು ತೀರ್ಮಾನವಾಯಿತು.

ಭಾನುವಾರ ಮಂಡ್ಯಕ್ಕೆ ಫೋನ್ ಮಾಡಿ ಅವ್ವನಿಗೆ ವಿಷಯ ತಿಳಿಸಿದೆ.

"ಅಲ್ಲಾ ಕಣ್ ಮಗ, ದುಡ್ ಕೊಡಕ್ಕೆ ಮ್ಯಾಲಿಂದ ಯಾಕ್ ಬೀಳ್ಬೇಕ್ಲಾ? ಕೈಲಿ ಕೊಟ್ರೆ ಈಸ್ಕಳಕಿಲ್ವಾ?"

"ಇಲ್ಲಿ ಹಂಗೇ ಕಣವ್ವ. ನಾವು ಕಷ್ಟ ಪಟ್ರೆ ಜನ ದುಡ್ಡು ಹಾಕ್ತಾರೆ."

"ಅಂಗಾದ್ರೆ ಹರಕೆ ಅನ್ನು. ಸಿಡಿ ಆಡ್ದಂಗೆ."

ಅವ್ವ ಒಂದೇ ಮಾತಿಗೆ ಇಡೀ ಇಂಗ್ಲೆಂಡನ್ನು ಅರ್ಥ ಮಾಡಿಕೊಂಡಳು. ಹೌದಲ್ಲ, ಇದು ಹರಕೆಯೇ. ಆದರೆ ನಮ್ಮೂರ ಮಾರಮ್ಮನ ಕೊಂಡ ಹಾಯುವವನಿಗೆ ಪ್ರವೇಶ ಶುಲ್ಕ ಇಲ್ಲ. ಸೌದೆ ಊರಿನದು, ಕೆಂಡ ಊರಿನದು, ಕಾಲು ಮಾತ್ರ ಅವನದು. ಹಾಯ್ದು ಬಂದ ಮೇಲೆ "ವಿಡಿಯೋ ಬೇಕಾದರೆ ಬೇರೆ ಪ್ಯಾಕೇಜು" ಎಂದು ಪೂಜಾರಿ ರಸೀದಿ ಹಿಡಿದು ನಿಂತಿರುವುದಿಲ್ಲ.

ಇಲ್ಲಿ ಜಿಗಿತದ ಖರ್ಚನ್ನೂ ಎತ್ತಿದ ಹಣದಲ್ಲೇ ಮುರಿದುಕೊಳ್ಳುವ ಪದ್ಧತಿ. ಇಂತಿಷ್ಟಕ್ಕಿಂತ ಹೆಚ್ಚು ಎತ್ತಿದರೆ ನಿಮಗೆ ಜಿಗಿತ "ಉಚಿತ". ಅಂದರೆ ಹಾಸ್ಪಿಸ್‌ಗೆಂದು ನಿಮ್ಮ ಸ್ನೇಹಿತ ಹಾಕಿದ ಹತ್ತು ಪೌಂಡಿನಲ್ಲಿ ಒಂದು ಪಾಲು ನಿಮ್ಮನ್ನು ಮೇಲಕ್ಕೆ ಒಯ್ಯುವ ಪೆಟ್ರೋಲಿಗೆ.

ಇದರ ಲೆಕ್ಕ ಯಾರೂ ಹಾಕಿಲ್ಲವೇ ಎಂದು ಹುಡುಕಿದೆ. ಹಾಕಿದ್ದಾರೆ. ಸ್ಕಾಟ್ಲೆಂಡಿನ ಟೇಸೈಡ್‌ನಲ್ಲಿ ಎರಡು ಪ್ಯಾರಾಚೂಟ್ ಕೇಂದ್ರಗಳಿಂದ 5 ವರ್ಷಗಳಲ್ಲಿ ಗಾಯಗೊಂಡು ಬಂದವರನ್ನೆಲ್ಲ ಅಲ್ಲಿನ ವೈದ್ಯರು ಲೆಕ್ಕ ಹಿಡಿದು 1999ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಒಟ್ಟು 174 ಮಂದಿ. ಅವರಲ್ಲಿ ಶೇಕಡಾ 94ರಷ್ಟು ಜನ ದಾನಕ್ಕೆಂದು ಮೊದಲ ಸಲ ಜಿಗಿದ ಪುಣ್ಯಾತ್ಮರು. ಹಾಗೆ ಜಿಗಿದ ನೂರು ಜನರಲ್ಲಿ 11 ಜನರಿಗೆ ಪೆಟ್ಟು. ತಲೆಗೆ ಸರಾಸರಿ ಎತ್ತಿದ್ದು 30 ಪೌಂಡ್. ಕಾಲು ಮುರಿದುಕೊಂಡ ಧರ್ಮಾತ್ಮರನ್ನು ರಿಪೇರಿ ಮಾಡಲು ಸರ್ಕಾರಿ ಆರೋಗ್ಯ ಸೇವೆ ಖರ್ಚು ಮಾಡಿದ್ದು, ಎತ್ತಿದ ಪ್ರತಿ 1 ಪೌಂಡಿಗೆ 13.75 ಪೌಂಡ್. ಇಲಿ ಹಿಡಿಯಲು ಹೋಗಿ ಕಣಜ ಸುಟ್ಟ ಹಾಗೆ. ಅಷ್ಟೂ ಜನ ಮನೆಯಲ್ಲಿ ಕಾಲು ಚಾಚಿಕೊಂಡು ಟಿವಿ ನೋಡಿದ್ದರೆ ಅದೇ ಆ ವರ್ಷಗಳ ದೊಡ್ಡ ದಾನವಾಗುತ್ತಿತ್ತು.

ಈಗಿನ ಟ್ಯಾಂಡೆಮ್ ಜಿಗಿತ ಅಷ್ಟು ಅಪಾಯದ್ದಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಸಾವಿರಾರು ಸಲ ಜಿಗಿದವನ ಮುಂದೆ ನಿಮ್ಮನ್ನು ಕಟ್ಟಿರುತ್ತಾರೆ. ನೀವು ಮೂರ್ಛೆ ಹೋದರೂ ಅವನು ನೆಲ ಮುಟ್ಟಿಸುತ್ತಾನೆ. ಅವನೂ ಮೂರ್ಛೆ ಹೋದರೆ ಒಂದು ಸಣ್ಣ ಯಂತ್ರ ಎತ್ತರ ನೋಡಿಕೊಂಡು ಮೀಸಲು ಪ್ಯಾರಾಚೂಟನ್ನು ತಾನೇ ಬಿಚ್ಚುತ್ತದೆ.

ಹುಡುಕಾಟದಲ್ಲಿ ಇನ್ನೊಂದು ಸಂಶೋಧನೆ ಸಿಕ್ಕಿತು. 2018ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ತಮಾಷೆಗೆಂದೇ ಪ್ರಕಟಿಸಿದ್ದು. 23 ಜನರಲ್ಲಿ ಕೆಲವರಿಗೆ ಪ್ಯಾರಾಚೂಟ್, ಕೆಲವರಿಗೆ ಖಾಲಿ ಚೀಲ ಕೊಟ್ಟು ವಿಮಾನದಿಂದ ಜಿಗಿಸಿದರು. ಎರಡೂ ಗುಂಪಿನಲ್ಲಿ ಯಾರಿಗೂ ಏನೂ ಆಗಲಿಲ್ಲ. ವಿಮಾನ ನೆಲದ ಮೇಲೆ ನಿಂತಿತ್ತು. ಜಿಗಿದ ಎತ್ತರ ಸರಾಸರಿ 0.6 ಮೀಟರ್. ನಾವೂ ಹೀಗೇ ಮಾಡೋಣ, ಖರ್ಚು ಉಳಿದು ಹಾಸ್ಪಿಸ್‌ಗೆ ಪೂರ್ತಿ ಹಣ ಸೇರುತ್ತದೆ ಎಂದು ಎಚ್‌ಆರ್‌ನಾಕೆಗೆ ಮೇಲ್ ಹಾಕಿದೆ. ಉತ್ತರವಾಗಿ ಒಂದು ನಗುವ ಮುಖ ಬಂತು. ಬರೀ ಮುಖ.

ಅಲ್ಲಿಂದ ಮುಯ್ಯಿಯ ಅಧ್ಯಾಯ. ನಮ್ಮ ಕಡೆ ಮದುವೆ ಚಪ್ಪರದಲ್ಲಿ ಒಬ್ಬ ನೋಟ್‌ಬುಕ್ ಹಿಡಿದು ಕೂತಿರುತ್ತಾನೆ: "ಕೊಪ್ಪದ ಬೀಗರು, ಐನೂರ ಒಂದು." ಇಲ್ಲಿ ಆ ನೋಟ್‌ಬುಕ್ಕು ಇಂಟರ್ನೆಟ್ಟಿನಲ್ಲಿದೆ. ಯಾರು ಎಷ್ಟು ಹಾಕಿದರು ಎಂದು ಹೆಸರು ಸಮೇತ ಊರಿಗೆಲ್ಲ ಕಾಣುತ್ತದೆ. ಅಕೌಂಟ್ಸ್‌ನವನು 10 ಹಾಕಿದ, ಏಕೆಂದರೆ ಅವನ ಮ್ಯಾರಥಾನಿಗೆ ನಾನು 10 ಹಾಕಿದ್ದೆ. ಪಕ್ಕದ ಡೆಸ್ಕಿನಾಕೆ 15 ಹಾಕಿದಳು. ಮ್ಯಾನೇಜರು 50 ಹಾಕಿದ್ದು ನೋಡಿ ಅವನ ಮ್ಯಾನೇಜರು 60 ಹಾಕಿದ. ಎರಡು ಪೌಂಡ್ ಹಾಕಿದ ಒಬ್ಬ ಮಾತ್ರ "ಅನಾಮಿಕ". ಪುಣ್ಯಾತ್ಮ, ಅವನೊಬ್ಬನೇ ನಿಜವಾಗಿ ದಾನ ಮಾಡಿದವನು ಅನ್ನಿಸುತ್ತದೆ. ಅಥವಾ ಅವನೊಬ್ಬನೇ ಜುಗ್ಗ.

ಜಿಗಿಯುವ ದಿನ ಏರ್‌ಫೀಲ್ಡಿಗೆ ಹೋದರೆ ಮೋಡ. ಮೋಡವಿದ್ದರೆ ಹಾರಿಸುವುದಿಲ್ಲ. ಮೋಡವಿಲ್ಲದ ದಿನ ಇಂಗ್ಲೆಂಡಿನಲ್ಲಿ ಅಮಾವಾಸ್ಯೆಯ ಚಂದ್ರನಷ್ಟು ಅಪರೂಪ. ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಐದರವರೆಗೆ ಆಲೂಗಡ್ಡೆ ಚಿಪ್ಸ್ ತಿಂದು ವಾಪಸ್ ಬಂದೆ. ಎರಡನೇ ಸಲವೂ ಅದೇ ಕತೆ. ಮೂರನೇ ಸಲ ಸೂರ್ಯ ಕಂಡ. ಅವನನ್ನು ನೋಡಿ ನನಗೆ ಅಷ್ಟು ಬೇಜಾರು ಹಿಂದೆಂದೂ ಆಗಿರಲಿಲ್ಲ.

ಫಾರಂ ತುಂಬಿಸಿದರು. ಸತ್ತರೆ ಯಾರ ಮೇಲೂ ದೂರಿಲ್ಲ ಎಂದು ಒಂದು ಸಹಿ. ಜೊತೆಗೆ ಒಂದು ವಿಮೆ. ಖುಷಿಯಿಂದ ಓದಿದರೆ ಅದು ಮೂರನೆಯವರಿಗಾಗಿ! ನಾನು ಯಾರ ಹಸುವಿನ ಮೇಲಾದರೂ ಬಿದ್ದರೆ ಹಸುವಿಗೆ ಪರಿಹಾರವುಂಟು. ಆಮೇಲೆ ಇಪ್ಪತ್ತು ನಿಮಿಷದ ಪಾಠ. ಜಿಗಿಯುವಾಗ ಬಾಳೆಹಣ್ಣಿನ ಹಾಗೆ ಬಾಗಬೇಕು, ಇಳಿಯುವಾಗ ಕಾಲು ಮೇಲೆತ್ತಿ ಕುಂಡೆಯ ಮೇಲೆ ಜಾರಬೇಕು. ಇಷ್ಟೇ ವಿದ್ಯೆ.

13,000 ಅಡಿಯಲ್ಲಿ ಬಾಗಿಲು ತೆಗೆದರು. ಕಾಲು ಹೊರಗೆ ಇಳಿಬಿಟ್ಟು ಕೂತಾಗ ನನಗೆ ಹಾಸ್ಪಿಸ್ ನೆನಪಾಗಲಿಲ್ಲ, ಸಮಾಜ ಸೇವೆಯೂ ನೆನಪಾಗಲಿಲ್ಲ. ನೆನಪಾದದ್ದು ಗ್ಯಾಸ್ ಆಫ್ ಮಾಡಿದ್ದೆನೋ ಇಲ್ಲವೋ ಎಂಬುದು. ಆಮೇಲೆ ಗಂಟೆಗೆ 190 ಕಿಲೋಮೀಟರ್ ವೇಗದಲ್ಲಿ ಸುಮಾರು 50 ಸೆಕೆಂಡು. ವಿಡಿಯೋದಲ್ಲಿ ನನ್ನ ಕೆನ್ನೆಗಳು ಕಿವಿಯ ಹಿಂದೆ ಹೋಗಿ ಒಣಹಾಕಿದ ಪಂಚೆಯಂತೆ ಪಟಪಟ ಬಡಿಯುತ್ತಿವೆ. 5,000 ಅಡಿಯ ಹತ್ತಿರ ಪ್ಯಾರಾಚೂಟ್ ಬಿಚ್ಚಿಕೊಂಡಾಗ ಎಲ್ಲ ನಿಶ್ಶಬ್ದವಾಯಿತು. ಆಗ ಮಾತ್ರ ಒಂದು ಗಳಿಗೆ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಹೊಲಗಳು ಕೌದಿಯಂತೆ ಹಾಸಿದ್ದವು.

"ಯಾವ ಚಾರಿಟಿ?" ಬೆನ್ನ ಹಿಂದಿನವನು ಕೇಳಿದ. ಹೇಳಿದೆ. "ಈವತ್ತಿಗೆ ನೀನು ಮೂರನೇ ಹಾಸ್ಪಿಸ್," ಅಂದ. "ಬೆಳಿಗ್ಗೆ ಎರಡು ನಾಯಿಗಳ ಆಶ್ರಮ ಇಳಿಸಿದೆ."

ಸಂಜೆ ಅವ್ವನಿಗೆ ಫೋನ್ ಮಾಡಿದೆ. ಬದುಕಿರುವುದು ಖಚಿತವಾದ ಮೇಲೆ ಅವಳು ನೇರ ಲೆಕ್ಕಕ್ಕೆ ಬಂದಳು. ಎತ್ತಿದ್ದು 540 ಪೌಂಡ್. ಜಿಗಿತಕ್ಕೆ ಮುರಿದದ್ದು 270. ನನ್ನ ಕೈಯಿಂದ ವಿಡಿಯೋಗೆ 130, ಮೂರು ಸಲ ಓಡಾಡಿದ ಪೆಟ್ರೋಲು, ಚಿಪ್ಸು ಎಲ್ಲ ಸೇರಿ 60.

"ಅರ್ಧಕ್ಕರ್ಧ ಬೀಳ್ಸಿದೋರ್ಗೇ ಹೋಯ್ತಾ?" ಅಂದಳು ಅವ್ವ. "ನಮ್ ಮಾರಮ್ಮನ್ ಗುಡಿ ಪೂಜಾರಿನೇ ವಾಸಿ ಕಣ್ಲಾ. ತಟ್ಟೇಲಿರದ್ ಮಾತ್ರ ಎತ್ಕತಾನೆ, ಹುಂಡಿಗ್ ಕೈ ಹಾಕಕಿಲ್ಲ."

ಸೋಮವಾರ ಆಫೀಸಿಗೆ ಹೋದರೆ ಎಲ್ಲರೂ ಬೆನ್ನು ತಟ್ಟಿದರು. ಮೇಲ್ ತೆರೆದೆ. ಪಕ್ಕದ ಡೆಸ್ಕಿನಾಕೆ ಮುಂದಿನ ಶುಕ್ರವಾರ ಬೀನ್ಸ್ ತೊಟ್ಟಿಯಲ್ಲಿ ಕೂರುತ್ತಾಳಂತೆ. ನೋಟ್‌ಬುಕ್ ನೋಡಿ ನಾನೂ 15 ಪೌಂಡ್ ಹಾಕಿದೆ. ಇಪ್ಪತ್ತು ಹಾಕಬಹುದಿತ್ತು, ಆದರೆ ಮುಂದಿನ ಸಲ ಅವಳಿಗೆ ಹೊರೆಯಾದೀತು.