ಹೋಟ್ಲು ಹುಡುಕಿ ಹೊರಟಿದ್ದು

ನಮ್ಮ ಕಡೆ ಎರಡು ಬೆಂಚು, ಒಂದು ಇಡ್ಲಿ ಪಾತ್ರೆ ಇದ್ದರೆ ಅದು ಹೋಟ್ಲು. ಮಲಗೋದಕ್ಕಾದರೆ ಲಾಡ್ಜು. ಇದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ನಾನು ಪ್ಯಾರಿಸ್‌ಗೆ ಹೋಗಿದ್ದೆ.

ಅಲ್ಲಿ ಓದುತ್ತಿರುವ ಅಕ್ಕನ ಮಗಳು ಕಾಲೇಜಿಗೆ ಹೋದ ಮೇಲೆ ಒಬ್ಬನೇ ಮೆಟ್ರೋ ಹತ್ತಿದೆ. ಹೊಟ್ಟೆ ತಾಳ ಹಾಕುತ್ತಿತ್ತು. ಅಷ್ಟರಲ್ಲಿ ‘ಹೋಟೆಲ್ ದ ವಿಲ್’ ಅಂತ ಬೋರ್ಡು ಕಂಡಿತು. ಹೋಟ್ಲಿಗೇ ಒಂದು ಸ್ಟೇಷನ್ನು! ಇಳಿದೇಬಿಟ್ಟೆ.

ಮೇಲೆ ಬಂದು ನೋಡಿದರೆ ಅರಮನೆ. ಗೋಡೆ ತುಂಬ ಪ್ರತಿಮೆಗಳು. ಇಲ್ಲಿ ಬರೀ ಕಾಫಿಗೆ ಎಷ್ಟಾಗುತ್ತೋ ಅಂತ ಜೇಬು ಮುಟ್ಟಿ ನೋಡಿಕೊಂಡೆ. ಬಾಗಿಲಲ್ಲಿದ್ದ ಗಾರ್ಡಿಗೆ ಹೊಟ್ಟೆ ಮೇಲೆ ಕೈಯಿಟ್ಟು, ಮುಖ ಹಿಂಡಿ, ‘ಹೋಟೆಲ್’ ಅಂದೆ. ಪಾಪ, ಗಾಬರಿಯಾಗಿ ಸೇತುವೆಯಾಚೆ ಕೈ ತೋರಿಸಿದ. ದಾಟಿ ಹೋದರೆ ‘ಹೋಟೆಲ್ ದ್ಯೂ’. ಒಳಗೆ ಸ್ಟ್ರೆಚರು!

ಫೋನ್ ಮಾಡಿದೆ. ‘ಅಯ್ಯೋ ಮಾಮ, ಮೊದಲನೇದು ಕಾರ್ಪೊರೇಷನ್ ಆಫೀಸು. ಇದು ಆಸ್ಪತ್ರೆ. ನಿಂಗೆ ಹೊಟ್ಟೆನೋವು ಅಂದ್ಕೊಂಡಿದ್ದಾನೆ ಅವನು. ಕಾಫಿ ಬೇಕಿದ್ರೆ ಬಿಸ್ತ್ರೋ ಅಂತ ಬರೆದಿರೋ ಕಡೆ ಹೋಗು.’ ಹೋಟೆಲ್, ಹಾಸ್ಪಿಟಲ್ ಎರಡಕ್ಕೂ ಲ್ಯಾಟಿನ್‌ನಲ್ಲಿ ಬೇರು ಒಂದೇ ಅಂತ ಆಮೇಲೆ ಗೊತ್ತಾಯಿತು. ನಮ್ಮೂರಿನ ಕೆಲವು ಹೋಟ್ಲಲ್ಲಿ ಉಂಡವರಿಗೆ ಇದು ಮೊದಲೇ ಗೊತ್ತಿರುತ್ತೆ, ಬಿಡಿ.

ಅಂತೂ ಒಂದು ಪುಟ್ಟ ಬಿಸ್ತ್ರೋ ಸಿಕ್ಕಿತು. ಹೊರಗಡೆ ಕುರ್ಚಿಯಲ್ಲಿ ಜಮಾಯಿಸಿದೆ. ಈ ಪದಕ್ಕೊಂದು ಕಥೆ ಇದೆ. 1814ರಲ್ಲಿ ಪ್ಯಾರಿಸ್‌ಗೆ ನುಗ್ಗಿದ ರಷ್ಯನ್ ಸೈನಿಕರು ಅಂಗಡಿಯವರಿಗೆ ‘ಬಿಸ್ತ್ರಾ, ಬಿಸ್ತ್ರಾ’ ಅಂದರೆ ‘ಬೇಗ, ಬೇಗ’ ಅಂತ ಅವಸರ ಮಾಡಿದರಂತೆ. ಮೋಮಾರ್ತ್ರ್ ಗುಡ್ಡದ ಹೋಟ್ಲೊಂದರ ಗೋಡೆಗೆ ಹೀಗಂತ ಫಲಕವನ್ನೂ ಹಾಕಿದ್ದಾರೆ. ಆದರೆ ಈ ಪದ ಫ್ರೆಂಚಿನಲ್ಲಿ ಅಚ್ಚಾಗಿ ಸಿಗೋದು 1880ರ ದಶಕದಲ್ಲಿ. ‘ಬೇಗ’ ಬರೋದಕ್ಕೆ ಸುಮಾರು 70 ವರ್ಷ! ಹಾಗಾಗಿ ಭಾಷೆ ಬಲ್ಲವರು ಈ ಕಥೆ ನಂಬೋದಿಲ್ಲ. ನಾನೂ ನಂಬೋದಿಲ್ಲ. ನನ್ನ ಕಾಫಿ ಬರೋದಕ್ಕೇ 20 ನಿಮಿಷ ಆಯಿತು.

ಅದೂ ಬೊಂಬೆಯಾಟದ ಲೋಟದಂಥ ಕಪ್ಪಿನಲ್ಲಿ ಬರೀ ಡಿಕಾಕ್ಷನ್. ಹಾಲು ಹಿಂದೆ ತರ್ತಾನೆ ಅಂತ ಕಾದೆ. ಕಾದೇ ಕಾದೆ. ಬಂದಿದ್ದು ಬಿಲ್ಲು.

ಎದ್ದು ಹೋಗುವಾಗ ರೇಟಿನ ಬೋರ್ಡು ಕಣ್ಣಿಗೆ ಬಿತ್ತು. ಕೌಂಟರ್ ಹತ್ತಿರ ನಿಂತು ಕುಡಿದರೆ ಕಡಿಮೆ, ಕೂತರೆ ಜಾಸ್ತಿ. ದರ್ಶಿನಿಗಳಲ್ಲಿ ನಿಂತೇ ಬೆಳೆದವನು ನಾನು. ಅವತ್ತೇ ಕೂರಬೇಕಿತ್ತಾ?